ಹಾಳೆಗೆ ಹೊಲಿದ ಗಿಡಗಳ ಮನೆತನ

ಆಗ ನನಗೆ ನಲವತ್ತೊಂದು ವರ್ಷ. ಅದಾಗಿ ಈಗ ಮೂವತ್ತು ವರ್ಷ ಆತು. ದಾವಣಗೆರೆಯ ಒಂದು ಕಾಲೇಜಿನಲ್ಲಿ ಗಿಡಗಳ ಪಾಠ ಹೇಳೋ ವಿಭಾಗಕ್ಕೆ ನಾನು ಕಸ ಹೊಡೆಯಾಕೆ ಸೇರಿದೋಳು. ಆ ವರ್ಷ ದಸರಾ ರಜೆ ಮುಗಿದ ಕೂಡ್ಲೆ ನನ್ನದೊಂದು ತೀರ್ಮಾನ ಆಗೋದಿತ್ತು. ಒಣಗಿಡದ ಕೋಣೆಯಲ್ಲಿ ಸೂಜಿ ಹಿಡಿದು ಕೂರಬೇಕೋ, ವರಾಂಡದ ಪೊರಕೆಗೇ ವಾಪಸ್ ಹೋಗಬೇಕೋ ಅಂತ.

ಈಗ ಆ ಕೋಣೆಗೆ ರೇಷ್ಮಾ ಅನ್ನೋ ಹುಡುಗಿ ಸೇರಿದಾಳೆ. ಹೋದ ವಾರ ದೇವರಾಜ ಅರಸು ಬಡಾವಣೆಯಲ್ಲಿರೋ ನನ್ನ ಮಗಳ ಮನೆಗೆ ಹುಡುಕ್ಕೊಂಡು ಬಂದಿದ್ಲು.

"ಅಜ್ಜಿ, ಬೀರು ತುಂಬಾ ಒಣಹುಲ್ಲು ಐತೆ. ಏನ್ ಮಾಡ್ಬೇಕ್ರಿ ಅದನ್ನ?"

"ಹುಲ್ಲು ಅಂದ್ರೆ ಕಪಾಳಕ್ಕೆ ಕೊಡ್ತೀನಿ ನೋಡು" ಅಂದೆ. ಆಮೇಲೆ ಚಾ ಕೊಟ್ಟೆ. ಬಾಯಲ್ಲಿ ಹೇಳಿದ್ದು ಬಸ್ ಸ್ಟ್ಯಾಂಡ್ ಮುಟ್ಟೋದ್ರೊಳಗೆ ಮರೀತಾಳೆ. ಅದಕ್ಕೇ ಬರೆದು ಕೊಡ್ತಿದೀನಿ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದ್ದ ಕಡೆ ಮೊಮ್ಮಗಳು ತಿದ್ದಿದಾಳೆ. ಮಾತು ತಿದ್ದಾಕೆ ನಾನು ಬಿಟ್ಟಿಲ್ಲ.

ಕೆಲಸ ಇಷ್ಟೆ. ಗಿಡವನ್ನ ಬೇರು, ಎಲೆ, ಹೂವು, ಕಾಯಿ ಸಮೇತ ತರಬೇಕು. ಹಳೇ ಪೇಪರಿನ ನಡುವೆ ಹರಡಿ, ಎರಡು ಮರದ ಚೌಕಟ್ಟಿನ ನಡುವೆ ಇಟ್ಟು, ಹಗ್ಗ ಬಿಗಿದು ಕಟ್ಟಬೇಕು. ದಿನಾ ಪೇಪರು ಬದಲಿಸಬೇಕು. ಒಂದಿನ ಬಿಟ್ರೆ ಬೂಷ್ಟು ಹಿಡೀತೈತೆ. ಒಣಗಿದ ಮೇಲೆ ದಪ್ಪ ಬಿಳಿ ಹಾಳೆಗೆ ಸೂಜಿದಾರದಿಂದ ಹೊಲಿಯೋದು, ಮೂಲೆಗೊಂದು ನಂಬರು. ಒಂದೊಂದು ಮನೆತನದ ಹಾಳೆಗಳು ಒಂದೊಂದು ಕಟ್ಟು, ಕಟ್ಟುಗಳೆಲ್ಲ ಬೀರುವಿನ ಖಾನೆಗೆ. ಹುಳ ತಿನ್ನದಿದ್ರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರ್ತವೆ. ಹುಳಕ್ಕೆ ಆಗ ವಿಷದ ನೀರು ಹಚ್ತಿದ್ವಿ. ಅದನ್ನ ಮುಟ್ಟಿದ ಕೈಲಿ ರೊಟ್ಟಿ ತಿನ್ನಬಾರದು. ಈಗ ನುಸಿಗುಳಿಗೆ ಇಡ್ತಾರಂತೆ, ಆದ್ರೂ ಕೈ ತೊಳಕೊ. ಹಾಳೆಯನ್ನ ಪುಸ್ತಕದ ಪುಟದಂಗೆ ಮಗುಚಬ್ಯಾಡ, ಎರಡೂ ಕೈಲಿ ಎತ್ತಿ ಪಕ್ಕಕ್ಕಿಡು.

ಮೊದಲ ತಪ್ಪು ಹೇಳಿಬಿಡ್ತೀನಿ. ಕಾಡುಬಸಳೆ ಅಂತ ಒಂದು ಐತೆ, ದಪ್ಪ ಎಲೆದು. ಬಾಕಿ ಗಿಡದ ಹಂಗೆ ಅದನ್ನೂ ಪೇಪರಿನಾಗೆ ಹಾಕಿ ಬಿಗಿದಿದ್ದೆ. ದಿನಾ ಪೇಪರು ಬದಲಿಸಿದ್ರೂ ಹದಿನೈದು ದಿನಕ್ಕೆ ಒಣಗೋದಿರಲಿ, ಎಲೆ ಅಂಚಿಗೆಲ್ಲ ಮರಿ ಹಾಕಿ ಕೂತಿತ್ತು! ಪೇಪರು ಓದಿಕೊಂಡು ಬೆಳೆದಿತ್ತು ಅನ್ನು. ಅಂಥವನ್ನ ಮೊದ್ಲು ಕುದಿಯೋ ನೀರಾಗೆ ಅದ್ದಿ ಸಾಯಿಸಬೇಕು. ಇದನ್ನ ನನಗೆ ಯಾರೂ ಹೇಳಿರಲಿಲ್ಲ.

ಸೂಜಿ ನನ್ನ ಕೈಗೆ ಬಂದಿದ್ದು ಹೆಂಗೆ ಅಂದ್ರೆ, ವಿಭಾಗದ ತಿಪ್ಪೇಸ್ವಾಮಿ ಸರ್ ತಾವೇ ಹೊಲೀತಿದ್ರು. ಬೈಯೋದ್ರಲ್ಲಿ ಧಾರಾಳಿ, ಹೊಗಳೋದ್ರಲ್ಲಿ ಜಿಪುಣ. ಹರಿಹರದ ಸುತ್ತ ನದಿಯ ಎರಡೂ ದಂಡೆಯ ಗಿಡಗಳ ಮೇಲೆ ಡಾಕ್ಟರ್ ಪದವಿಗೆ ಬರೀತಿದ್ರು. ಆರು ವರ್ಷದಿಂದ ತಂದ ಗಿಡಗಳು ರಾಶಿ ಬಿದ್ದಿದ್ವು. ಒಂದಿನ ಕಸ ಹೊಡೀತಾ ನೋಡಿದೆ, ಬೆರಳೆಲ್ಲ ಚುಚ್ಚಿಕೊಂಡಿದ್ರು.

"ಸರ್, ಗಿಡದ ಕುತ್ತಿಗೆ ಹಿಚುಕಿದಂಗೆ ಬಿಗೀತಿದೀರಲ್ಲ. ಮನೇಲಿ ರವಿಕೆಗೆ ಹೆಮ್ಮಿಂಗ್ ಹಾಕೋದು ನೋಡಿಲ್ಲೇನ್ರಿ?"

"ಬಾಯಿ ಬಹಳ ಐತೆ ನಿಂದು. ತಗೊ, ನೀನೇ ಹೊಲಿ ಹಂಗಾರೆ."

ಹೊಲಿದೆ. ಪೊರಕೆ ಮುಗಿಸಿ ದಿನಾ ಮಧ್ಯಾಹ್ನ ಹೋಗಿ ಕೂರೋದು ರೂಢಿ ಆತು. ನದಿಗೆ ಹೋಗುವಾಗ ಚೌಕಟ್ಟು ಹೊರಾಕೂ ನನ್ನೇ ಕರ್ಕೊಂಡು ಹೋಗೋರು. ಹೊಲಿಯುವಾಗ ಕೈಗೆ ಕೆಲಸ, ಕಿವಿ ಖಾಲಿ. ಸರ್ ಗೆ ಮಾತಾಡಾಕೆ ಒಂದು ಕಿವಿ ಬೇಕಿತ್ತು. ಹಂಗಾಗಿ ಗಿಡಗಳನ್ನ ಜಗತ್ತು ಹೆಂಗೆ ಜೋಡಿಸ್ಕೊಂತ ಬಂತು ಅನ್ನೋದೆಲ್ಲ ನಾನು ಕೇಳಿದೋಳು. ರೇಷ್ಮಾ, ಇದನ್ನ ತಿಳ್ಕೊ. ಇಲ್ಲಾಂದ್ರೆ ಬೀರು ಬರೀ ಹುಲ್ಲಿನ ಬಣವೆಯಾಗೇ ಕಾಣ್ತೈತೆ.

ಬಹಳ ಹಿಂದಿನೋರು ಎತ್ತರ ನೋಡಿ ಜೋಡಿಸಿದ್ರಂತೆ. ಮರ ಒಂದು ಗುಂಪು, ಪೊದೆ ಒಂದು, ಸಣ್ಣ ಗಿಡ ಒಂದು. ಹಂಗಾದ್ರೆ ಹುಣಸೆ ಒಂದು ಕಡೆ, ತೊಗರಿ ಒಂದು ಕಡೆ, ಮುಟ್ಟಿದರೆ ಮುನಿ ಇನ್ನೊಂದು ಕಡೆ. ಮೂರರದ್ದೂ ಕೋಡಿನಂಥಾ ಕಾಯಿ. ಆದ್ರೂ ದೂರದೋವಾದ್ವು. ಆಮೇಲೆ ವೈದ್ಯರು ಬಂದ್ರು, ಯಾವ ರೋಗಕ್ಕೆ ಯಾವುದು ಅಂತ ಜೋಡಿಸಿದ್ರು. ಮುಂದೆ ಒಬ್ಬ ಮೊಳಕೆ ನೋಡಿದ. ಜೋಳ ಮೊಳೆಯುವಾಗ ಒಂದೇ ಎಲೆ, ಅವರೆಗೆ ಎರಡು ಬ್ಯಾಳೆ. ಅದು ದೊಡ್ಡ ಪಾಲು ಅಂದ. ಇದು ಇವತ್ತಿಗೂ ನಡೀತೈತೆ.

"ಆಮೇಲೆ ಚಳಿ ದೇಶದ ಒಬ್ಬ ದೊಡ್ಡ ಮನುಷ್ಯ ಬಂದ ನೋಡಮ್ಮ" ಅಂದ್ರು ಸರ್. "ಹೂವಿನೊಳಗೆ ಧೂಳು ಉದುರಿಸೋ ಎಳೆ ಇರ್ತವಲ್ಲ, ಅವನ್ನ ಎಣಿಸಿದ. ಒಂದೆಳೆದು ಒಂದು ಪಂಕ್ತಿ, ಎರಡೆಳೆದು ಇನ್ನೊಂದು ಪಂಕ್ತಿ. ಯಾರು ಬೇಕಾದ್ರೂ ಎಣಿಸಬಹುದು."

"ಒಳ್ಳೇದಾತಲ್ರಿ."

"ಒಳ್ಳೇದೆ. ಆದ್ರೆ ಭತ್ತದ ಹೂವಿಗೆ ಆರು ಎಳೆ, ರಾಗಿಗೆ ಮೂರು. ಈರುಳ್ಳಿಗೂ ಆರು. ಭತ್ತ ಹೋಗಿ ಈರುಳ್ಳಿ ಪಂಕ್ತೀಲಿ ಕೂತ್ಕೊಂತು."

ನಕ್ಕೂ ನಕ್ಕೂ ಸೂಜಿ ಚುಚ್ಚಿಕೊಂಡೆ. ನನ್ನ ತವರು ಭಾನುವಳ್ಳಿ, ಕಾಲುವೆ ನೀರಿನ ಭತ್ತದ ಊರು. "ಭತ್ತ ಹುಲ್ಲಿನ ಪೈಕಿ ಅಂತ ನಮ್ಮ ಎಮ್ಮೆಗೂ ಗೊತ್ತೈತ್ರಿ. ಆ ಪುಣ್ಯಾತ್ಮ ಗದ್ದೆ ನೋಡಿದ್ದಿಲ್ಲೇನು?"

"ಅವನಿಗೂ ಗೊತ್ತಿತ್ತು. ಇದು ಹುಡುಕೋ ಅನುಕೂಲಕ್ಕೆ, ನಿಜವಾದ ಸಂಬಂಧ ಬ್ಯಾರೆ ಐತೆ ಅಂತ ತಾನೇ ಒಪ್ಪಿಕೊಂಡಿದ್ದ."

ಆ ಸಂಬಂಧ ಹುಡುಕಿದೋನು ಫ್ರಾನ್ಸ್ ದೇಶದ ರಾಜನ ತೋಟದೋನಂತೆ. ರಾಜ ಒಂದು ತೋಟ ಮಾಡಿಸಿ, ಗಿಡ ಹೆಂಗೆ ನೆಡಬೇಕು ಅಂತ ಇವನಿಗೆ ಬಿಟ್ಟ. ಇವನು ಒಂದೊಂದು ಮನೆಯೋರನ್ನ ಒಂದೊಂದು ಮಡಿಗೆ ನೆಟ್ಟ. ಪುಸ್ತಕ ಬರೀಲಿಲ್ಲ. ಮಡಿ ನೋಡಿಯೇ ತಿಳ್ಕೋಬೇಕು. ಅವನ ಅಣ್ಣನ ಮಗ ಅದನ್ನ ಬೆಳೆಸಿ, ನೂರು ಮನೆತನ ಮಾಡಿ ಪುಸ್ತಕ ಬರೆದ. ಒಂದೇ ಗುರುತು ಹಿಡಿದು ಸಂಬಂಧ ಹೇಳಬ್ಯಾಡ, ಎಲ್ಲ ಗುರುತೂ ನೋಡು, ಆದ್ರೆ ಎಲ್ಲದಕ್ಕೂ ಒಂದೇ ತೂಕ ಕೊಡಬ್ಯಾಡ. ಇದು ಅವನ ಲೆಕ್ಕ.

ಸರ್ ಇದಕ್ಕೆ ಕುಟುಂಬ ಅನ್ನೋರು. ನನಗೆ ಅರ್ಥ ಆಗಿದ್ದು ಹೆಣ್ಣು ಕೇಳೋ ಮಾತಿನಿಂದ. ನಮ್ಮ ಕಡೆ ಸಂಬಂಧ ಕೂಡಿಸುವಾಗ ಬೆಡಗು ಯಾವುದು ಅಂತ ಕೇಳ್ತಾರೆ, ಅಂದ್ರೆ ಮೂಲದ ಮನೆತನ. ಒಂದೇ ಬೆಡಗಿನೋರು ಅಣ್ಣತಂಗಿ, ಮದುವೆ ಆಗಂಗಿಲ್ಲ. ಹುಡುಗಿ ಬೆಳ್ಳಗದಾಳೋ ಕಪ್ಪಗದಾಳೋ, ಕುಳ್ಳೋ ಉದ್ದೋ, ಅದರಿಂದ ಬೆಡಗು ಗೊತ್ತಾಗಂಗಿಲ್ಲ. ಅಜ್ಜನ ತನಕ ಹೋಗಬೇಕು. ಗಿಡಕ್ಕೂ ಹಂಗೆ.

ಎಲ್ಲರೂ ಇದನ್ನ ಒಪ್ತಿರಲಿಲ್ಲ. ಹರಿಹರದಲ್ಲಿ ಖಾದರ್ ಸಾಬ್ರದ್ದು ಗ್ರಂಧಿಗೆ ಅಂಗಡಿ, ಬೇರು ನಾರು ಮಾರೋರು. ಗಿಡದ ಊರಹೆಸರು ಕೇಳ್ಕೊಂಡು ಬಾ ಅಂತ ಸರ್ ನನ್ನ ಕಳಿಸ್ತಿದ್ರು. ಅವರ ಅಂಗಡೀಲಿ ಕೆಮ್ಮಿನ ಡ್ರಾ, ಹೊಟ್ಟೆನೋವಿನ ಡ್ರಾ, ಬಾಣಂತಿ ಡ್ರಾ.

"ಕೊಟ್ರಮ್ಮಕ್ಕ, ನಿಮ್ಮ ಸರ್ ಗಿಡಕ್ಕೆ ನಿಮ್ಮಪ್ಪ ಯಾರು ಅಂತ ಕೇಳ್ತಾರೆ. ನಾನು ನಿನಗೇನು ಕೆಲಸ ಬರ್ತೈತೆ ಅಂತ ಕೇಳ್ತೀನಿ. ಕೆಮ್ಮು ಬಂದ್ರೆ ನಿಮ್ಮ ಸರ್ ಎಲ್ಲಿಗೆ ಬರ್ತಾರೆ?"

"ನಿಮ್ಮ ಅಂಗಡಿಗೇ ಸಾಬ್ರೆ."

"ಮತ್ತೆ! ಹೋಗಿ ಹೇಳು."

ಹೇಳಿದೆ. "ಹೌದಪ್ಪ, ಅವನೂ ಸರೀನೆ" ಅಂದು ಸರ್ ಕೆಮ್ಮಿದ್ರು.

ರಾಜನ ತೋಟದ ಕಥೆ ತಲೆಗೇರಿ ಸರ್ ನಮ್ಮ ಕಾಲೇಜಿನ ಕೈತೋಟವನ್ನೂ ಕಿತ್ತು ಮನೆತನದ ಪ್ರಕಾರ ನೆಡಿಸಿದ್ರು. ದಾಸವಾಳ, ಬೆಂಡೆ, ಹತ್ತಿ ಒಂದೇ ಮಡಿ. ಮೂರರ ಹೂವೂ ಒಂದೇ ಅಚ್ಚು, ಅಕ್ಕತಂಗೇರು ಅಂತ ನೋಡಿದ ಕೂಡ್ಲೆ ಗೊತ್ತಾಗ್ತೈತೆ. ಅದು ಚೆನ್ನಾಗಿ ಬಂತು. ಕೋಡುಕಾಯಿ ಮಡಿಗೆ ಹುಣಸೆ, ತೊಗರಿ, ಶೇಂಗಾ ಒಟ್ಟಿಗೇ ನೆಟ್ರು. "ಸರ್, ಹುಣಸೆ ನೆಳ್ಳಿಗೆ ಶೇಂಗಾ ಬರಂಗಿಲ್ರಿ" ಅಂದೆ. "ನೀನು ಸುಮ್ನಿರು, ಇದು ವಿಜ್ಞಾನ" ಅಂದ್ರು. ಹುಣಸೆ ಬೆಳೀತು. ಕೆಳಗೆ ಒಂದು ಕಡ್ಡಿ ಉಳೀಲಿಲ್ಲ. ಒಂದೇ ಮನೆಯೋರು ಅಂತ ಒಂದೇ ಸೂರಿನಡಿ ಇಡಾಕೆ ಆಗಂಗಿಲ್ಲ. ಆ ಮರ ಈಗಲೂ ಐತೆ, ಹುಡುಗರು ಸ್ಕೂಟರ್ ನಿಲ್ಲಿಸ್ತಾರೆ.

ಹಿಂಗೆ ನಡೀತಿರುವಾಗ ಆಫೀಸಿನ ಸೂಪರಿಂಟೆಂಡೆಂಟ್ ಸಾಹೇಬ್ರ ಕಣ್ಣು ಬಿತ್ತು. "ಪೊರಕೆಗೆ ತಗೊಂಡೋಳು ಸೂಜಿ ಹಿಡ್ಕೊಂಡು ಕೂತ್ರೆ ವರಾಂಡ ಯಾರು ಗುಡಿಸ್ಬೇಕು? ನಾಳೆ ಕುರ್ಚಿ ಕೇಳ್ತಾಳೆ." ಸರ್ ಹೋಗಿ ಜಗಳ ಮಾಡಿದ್ರು. ಕಡೆಗೆ ಪ್ರಿನ್ಸಿಪಾಲರು ಒಂದು ಮಾತು ಹಾಕಿದ್ರು. ಸರ್ ಪದವಿ ಸಲುವಾಗಿ ಹಾಳೆ ನೋಡಾಕೆ ದಸರಾ ಮುಗಿದ ಮೇಲೆ ಯೂನಿವರ್ಸಿಟಿಯಿಂದ ಒಬ್ಬ ದೊಡ್ಡ ಮೇಷ್ಟ್ರು ಬರ್ತಾರೆ. ಬೀರು ಸರಿಯಾಗೈತೆ ಅಂತ ಅವರು ಅಂದ್ರೆ ಕೊಟ್ರಮ್ಮ ಅಲ್ಲೇ ಇರಲಿ. ಇಲ್ಲಾಂದ್ರೆ ಬೀಗ ಆಫೀಸಿಗೆ, ಆಯಮ್ಮ ವರಾಂಡಕ್ಕೆ.

ನನಗೆ ಆ ಕೋಣೆ ಬೇಕಿತ್ತು. ಗುಡಿಸೋದು ಕಷ್ಟ ಅಂತಲ್ಲ, ನಾನು ಗದ್ದೇಲಿ ಬಗ್ಗಿ ಬೆಳೆದೋಳು. ವರಾಂಡದಾಗೆ ಎಲ್ಲರೂ ಏಯ್ ಅಂತ ಕರೀತಿದ್ರು. ಆ ಕೋಣೇಲಿ ನನಗೆ ಹೆಸರಿತ್ತು.

ಅಷ್ಟು ಬೇಕಾಗಿದ್ದನ್ನ ನನ್ನ ಕೈಯಾರೆ ಕೆಡಿಸ್ಕೊಂಡೆ. ಆಯುಧಪೂಜೆ ದಿನ ಸರ್ ಊರಲ್ಲಿ ಇರಲಿಲ್ಲ. ಬೀರು, ಚೌಕಟ್ಟು, ಸೂಜಿ ಎಲ್ಲ ಪೂಜೆ ಆಗಬೇಕಲ್ಲ. ಬೀರು ತೊಳೆಯಾಕೆ ಅಂತ ಆರುನೂರು ಚಿಲ್ಲರೆ ಹಾಳೆ ಹೊರಗೆ ತೆಗೆದೆ. ಕಟ್ಟಿನ ದಾರ ಹಳೇದಾಗಿತ್ತು, ಬಿಚ್ಚಿದೆ. ಮನೆತನದ ಹೆಸರು ಬರೆದ ರಟ್ಟು ಹುಳ ತಿಂದಿದ್ವು, ಎಸೆದೆ. ವಾಪಸ್ ಇಡುವಾಗ ಮನಸ್ಸಿಗೆ ಒಂದು ಬಂತು. ದೇವರ ತಲೆ ಮೇಲೆ ಹೋಗೋ ಪತ್ರೆ ಕೆಳಗಿನ ಖಾನೇಲಿ ಇದ್ರೆ ಹೆಂಗೆ? ಬಿಲ್ವ, ತುಂಬೆ, ಎಕ್ಕ, ಬನ್ನಿ, ದತ್ತೂರಿ, ತುಳಸಿ ಎಲ್ಲ ಮೇಲಿನ ಖಾನೆಗೆ. ತಿನ್ನೋವು ನಡುವೆ. ಕಾಲಲ್ಲಿ ತುಳಿಯೋವು, ಮುಳ್ಳಿನೋವು ಕೆಳಗೆ. ಮೇಲಿನ ಹಾಳೆಗಳ ಮೂಲೆಗೆ ಒಂದೊಂದು ಬೊಟ್ಟು ಕುಂಕುಮ. ಬಾಗಿಲು ಹಾಕಿ ಕೈ ಮುಗಿದೆ. ಬಹಳ ಚೆನ್ನಾಗಿ ಮಾಡಿದೀನಿ ಅಂತ ಮನೆಗೆ ಹೋಗಿ ಹೋಳಿಗೆ ತಿಂದೆ.

ವಿಜಯದಶಮಿಯ ಮರುದಿನ ಬೆಳಿಗ್ಗೆ ಸರ್ ಬಂದು ಬೀರು ತೆಗೆದ್ರು. ನಾಳೆಗೆ ದೊಡ್ಡ ಮೇಷ್ಟ್ರು ಬರೋರು.

"ಬಿಲ್ವದ ಪಕ್ಕ ತುಂಬೆ, ತುಂಬೆ ಪಕ್ಕ ಎಕ್ಕ! ಏನೇ ಇದು?"

"ಶಿವನಿಗೆ ಏರಿಸೋವು ಸರ್."

"ಕೆಳಗೆ?"

"ತುಳಿಯೋವು. ಕಳ್ಳಿ, ಬಳ್ಳಾರಿ ಜಾಲಿ, ನೆಗ್ಗಿಲು."

ಸರ್ ತಲೆ ಹಿಡ್ಕೊಂಡು ಸ್ಟೂಲ್ ಮೇಲೆ ಕೂತ್ರು. ನಂಬರು ಇದ್ವು ಖರೆ, ಆದ್ರೆ ನಂಬರಿನ ಪುಸ್ತಕದಾಗೆ ಗಿಡಗಳನ್ನ ಬರೆದಿದ್ದು ತಂದ ತಾರೀಖಿನ ಪ್ರಕಾರ, ಮನೆತನದ ಪ್ರಕಾರ ಅಲ್ಲ. ಒಂದೊಂದೇ ಹುಡುಕಿ ಹೊಂದಿಸಾಕೆ ಒಂದು ವಾರ ಬೇಕು. ಬೈಗುಳ ಇಲ್ಲಿ ಬರೆಯಂಗಿಲ್ಲ. ಬೈದು ಸುಸ್ತಾದ ಮೇಲೆ ಮೇಲಿನ ಖಾನೆಯಿಂದ ಬನ್ನಿ ಹಾಳೆ, ಕೆಳಗಿನಿಂದ ಬಳ್ಳಾರಿ ಜಾಲಿ ಹಾಳೆ ತೆಗೆದು ನನ್ನ ಮುಂದೆ ಇಟ್ರು.

"ನೋಡು."

ನೋಡಿದೆ. ನಿನ್ನೆ ತಾನೆ ಊರೆಲ್ಲ ಬನ್ನಿ ಮುಡಿದು ಕಾಲಿಗೆ ಬಿದ್ದಿದ್ವಿ. ಜಾಲಿಯನ್ನ ಕಡಿದು ಒಲೆಗೆ ಹಾಕೋರು ನಾವು. ಹಕ್ಕಿ ಗರಿಯಂಥಾ ಎಲೆ, ಎರಡಕ್ಕೂ. ಇಲಿ ಬಾಲದಂಥಾ ಹಳದಿ ಹೂಗೊಂಚಲು, ಎರಡಕ್ಕೂ. ಉದ್ದ ಕೋಡು, ಮುಳ್ಳು, ಎರಡಕ್ಕೂ.

"ಒಡಹುಟ್ಟಿದಂಗೆ ಅದಾವಲ್ರಿ."

"ಹಂಗೇ ಅದಾವೆ. ಒಂದನ್ನ ಜಗಲಿ ಮೇಲೆ ಕೂರಿಸಿದೆ, ಒಂದನ್ನ ತಿಪ್ಪೆಗೆ ಹಾಕಿದೆ. ಆವಯ್ಯ ಎಳೆ ಎಣಿಸಿದ ಅಂತ ನಕ್ಕೆಯಲ್ಲ, ನೀನು ಮಾಡಿದ್ದೇನು?"

ಎರಡೂ ಹಾಳೆಯನ್ನ ಪಕ್ಕಪಕ್ಕಕ್ಕೆ ಜೋಡಿಸಿಟ್ಟೆ. ಆಮೇಲೆ ಅಂದೆ, "ಪುಸ್ತಕ ಮುಚ್ಚಿಡ್ರಿ ಸರ್. ಮುಖ ನೋಡಿ ಜೋಡಿಸೋಣ. ನಾನು ಮಾಡ್ತೀನಿ, ನೀವು ಹಿಂದಿನಿಂದ ನೋಡ್ಕೊಂತ ಬರ್ರಿ."

ಉದ್ದನೆ ಟೇಬಲ್ ಗಳ ಮೇಲೆ ಹರಡಿದ್ವಿ. ಕೋಡುಕಾಯಿನೋವು ಒಂದು ಕಡೆ. ಚೌಕ ಕಾಂಡ, ಎದುರುಬದುರು ಎಲೆ, ತುಟಿ ಬಿಟ್ಟ ಹೂವು, ಘಮ್ಮನೆ ವಾಸನೆ, ಇವು ತುಳಸಿ ಮನೆಯೋವು, ತುಂಬೆಯೂ ಅಲ್ಲೇ. ಬದನೆ ಹೂವಿನಂಥೋವು ಒಂದು ಕಡೆ, ದತ್ತೂರಿ ಅವರ ಪೈಕಿ. ಹುಲ್ಲುಗಳು ಒಂದು ಕಡೆ. ಮಧ್ಯಾಹ್ನಕ್ಕೆ ಅಂತ ತರಿಸಿದ್ದ ಮಂಡಕ್ಕಿ ಪೊಟ್ಟಣ ಬಿಚ್ಚಿದ್ದು ಬಿಚ್ಚಿದಂಗೇ ಇತ್ತು, ಯಾರೂ ಮುಟ್ಟಲಿಲ್ಲ.

ತಪ್ಪೂ ಮಾಡಿದೆ. ಹಾಲು ಬರೋವೆಲ್ಲ ಒಂದೇ ಅಂತ ಎಕ್ಕ, ಕಣಗಿಲೆ, ಕಳ್ಳಿ ಮೂರನ್ನೂ ಒಟ್ಟಿಗಿಟ್ಟೆ. ಸರ್ ಬೈದು ಮೂರನ್ನೂ ಮೂರು ಕಡೆ ಮಾಡಿದ್ರು. ಲಕ್ಕಿ ಗಿಡದ ಎಲೆಗೂ ಘಮ್ಮನೆ ವಾಸನೆ ಐತೆ ಅಂತ ಅದನ್ನ ತುಳಸಿ ಮನೆಗೆ ಹಾಕಿದೆ. "ಬ್ಯಾಡ, ಅದು ಬ್ಯಾರೆ ಮನೆತನ" ಅಂತ ತೆಗೆದ್ರು. ನಾನು ರಿಟೈರ್ ಆಗೋ ಹೊತ್ತಿಗೆ ಹೊಸದಾಗಿ ಬಂದ ಮೇಡಂ ಒಬ್ಬರು, ಈಗ ಗಿಡದ ಒಳಗಿನ ಜೀವತಂತು ನೋಡಿ ಸಂಬಂಧ ಹೇಳ್ತಾರೆ ಅಂತ ಲಕ್ಕಿಯನ್ನ ತುಳಸಿ ಕಟ್ಟಿಗೇ ಹಾಕಿಸಿದ್ರು. ಎಕ್ಕ, ಕಣಗಿಲೆಯನ್ನೂ ಕೂಡಿಸಿದ್ರು. ಕಳ್ಳಿ ಮಾತ್ರ ದೂರಾನೇ ಉಳೀತು. ಇದನ್ನ ನಾನು ಜಾಣೆ ಅಂತ ಬರೆದಿಲ್ಲ. ಕಟ್ಟಿನ ಹೆಸರು ಬದಲಾಗ್ತಾನೇ ಇರ್ತವೆ, ನಿನ್ನ ಕಾಲಕ್ಕೂ ಬದಲಾಗ್ತವೆ. ದಾರ ಸಡಿಲ ಕಟ್ಟು.

ಸಂಜೆ ಆರಕ್ಕೆ ಎಲ್ಲ ಮುಗೀತು. ಒಂದು ಹಾಳೆ ಉಳೀತು. ಗುತ್ತೂರಿನ ಕಡೆ ನದಿ ದಂಡೆಯಲ್ಲಿ ಬೇಸಿಗೆಗೆ ಸಿಕ್ಕಿದ್ದ ಗಿಡ. ನಾಕು ಎಲೆ, ಒಂದು ಹಿಡಿ ಬೇರು. ಹೂವಿಲ್ಲ, ಕಾಯಿಲ್ಲ. ಅವತ್ತು ಸರ್ ಬರೋದ್ರೊಳಗೆ ಅದನ್ನ ಕಿತ್ತೋಳು ನಾನೇ. ಅದು ಯಾವ ಮನೆಯದು ಅಂತ ಸರ್ ಗೂ ಗೊತ್ತಾಗಲಿಲ್ಲ. "ಯಾವುದಾದ್ರೂ ಕಟ್ಟಿಗೆ ಸೇರಿಸಿಬಿಡ್ಲಾ?" ಅಂದ್ರು, ದಣಿದಿದ್ರು. "ಬ್ಯಾಡ್ರಿ" ಅಂದೆ. ಅದನ್ನ ಒಂದೇ ಒಂದು ಹಾಳೆಯಾಗಿ ಮೇಲೆ ಇಟ್ಟೆ.

ಮರುದಿನ ಹತ್ತಕ್ಕೆ ದೊಡ್ಡ ಮೇಷ್ಟ್ರು ಬಂದ್ರು. ಒಣಕಲು ಮನುಷ್ಯ, ಮಾತು ಕಮ್ಮಿ. ಬಾಗಿಲ ಹತ್ರ ಸೂಪರಿಂಟೆಂಡೆಂಟ್ ಸಾಹೇಬ್ರು ನಿಂತಿದ್ರು, ತಮಾಷೆ ನೋಡಾಕೆ. ಮೇಷ್ಟ್ರು ಕಣ್ಣಿಗೆ ಭೂತಗನ್ನಡಿ ಹಿಡಿದು ಒಂದೊಂದೇ ಕಟ್ಟು ಬಿಚ್ಚಿ ನೋಡಿದ್ರು. ಕೋಡುಕಾಯಿ ಕಟ್ಟಿಗೆ ಬಂದಾಗ ಕೈ ನಿಂತಿತು.

"ಇದೇನು ಕೆಂಪು?"

ಸರ್ ಕೆಮ್ಮಿದ್ರು. ನಾನೇ ಅಂದೆ, "ಕುಂಕುಮ ಸರ್. ಆಯುಧಪೂಜೆಗೆ ಹಚ್ಚಿದ್ದೆ. ನಾನೇ."

"ಈ ಕಟ್ಟಿನಲ್ಲಿ ಬನ್ನಿಗೆ ಮಾತ್ರ ಹಚ್ಚಿದ್ದೀಯ. ಪಕ್ಕದಲ್ಲಿ ಅದರ ತಮ್ಮ ಇದೆಯಲ್ಲ, ಜಾಲಿ. ಅದಕ್ಕೇಕೆ ಇಲ್ಲ?"

"ಹಚ್ಚುವಾಗ ತಮ್ಮ ಅಂತ ಗೊತ್ತಿರಲಿಲ್ರಿ. ಆಮೇಲೆ ಗೊತ್ತಾತು. ಆಗ ಡಬ್ಬಿ ಮುಚ್ಚಿಬಿಟ್ಟಿದ್ದೆ."

ಅವರ ಮುಖ ಅಲುಗಿತು. ನಕ್ಕಿದ್ದೋ ಏನೋ. ಸಾಹೇಬ್ರು ಬಾಗಿಲಿಂದಲೇ, "ನಾನು ಹೇಳಿರಲಿಲ್ವಾ ಸರ್, ಓದುಬರಹ ಇಲ್ದೋರ ಕೈಗೆ ಕೊಟ್ರೆ ಹಿಂಗೇ" ಅಂದ್ರು. ಮೇಷ್ಟ್ರು ಕೇಳಿಸ್ಕೊಂಡಂಗೆ ಕಾಣಲಿಲ್ಲ. ಮೇಲಿದ್ದ ಒಂಟಿ ಹಾಳೆ ಎತ್ತಿದ್ರು.

"ಇದು ಯಾರ ಮನೆಯದು?"

"ಗೊತ್ತಿಲ್ರಿ. ಹೂವು ಬಿಡೋ ಮೊದ್ಲೇ ನಾನು ಕಿತ್ತೆ. ತಪ್ಪಾತು."

"ಯಾವುದಾದರೂ ಕಟ್ಟಿನೊಳಗೆ ಸೇರಿಸಿ ಮುಚ್ಚಬಹುದಿತ್ತಲ್ಲ."

"ಸೇರಿಸಿದ್ರೆ ನಿಮಗೆ ಕಾಣ್ತಿರಲಿಲ್ಲೇನ್ರಿ?"

"ಕಾಣುತ್ತಿತ್ತು."

"ಮತ್ತೆ?"

ಅವರು ಹಾಳೆ ಕೆಳಗಿಟ್ರು. ಆಮೇಲೆ ಸಾಹೇಬ್ರ ಕಡೆ ತಿರುಗಿ, "ವರಾಂಡಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ. ಬೀರುವಿನ ಬೀಗ ಈಯಮ್ಮನ ಹತ್ತಿರವೇ ಇರಲಿ. ಕುಂಕುಮದ ಡಬ್ಬಿಯನ್ನ ಮಾತ್ರ ಇಸಕೊಳ್ಳಿ" ಅಂದ್ರು. ನನಗೆ, "ಮಳೆ ನಿಂತಿದೆ, ಈಗ ನದಿ ದಂಡೆಯ ಗಿಡಗಳು ಹೂವು ಬಿಡುವ ಕಾಲ. ಹೋಗಿ ಅದನ್ನ ಹುಡುಕು. ಮತ್ತೆ ನೀರು ಏರಿದರೆ ಮುಂದಿನ ವರ್ಷದ ತನಕ ಕಾಯಬೇಕು" ಅಂದು ಊಟಕ್ಕೆ ಎದ್ರು.

ಮರುದಿನ ಬೆಳಿಗ್ಗೆ ಸರ್ ಗೆ ಕ್ಲಾಸಿತ್ತು. ನಾನು ಮೊದಲ ಬಸ್ಸಿಗೆ ಚೌಕಟ್ಟು ಬಗಲಲ್ಲಿ ಇಟ್ಕೊಂಡು ಹರಿಹರಕ್ಕೆ ಹೋದೆ. "ಅದೇನಮ್ಮ, ಮಂಚದ ಪಟ್ಟಿನಾ?" ಅಂದ ಕಂಡಕ್ಟರು. ಗುತ್ತೂರಿನ ಕಡೆ ನಡೆದೆ. ಫ್ಯಾಕ್ಟರಿಗೆ ಹೋಗೋ ಜನ ಸೈಕಲ್ ಮೇಲೆ ಎದುರಾದ್ರು. ನದಿ ಹಿಂದಕ್ಕೆ ಸರಿದು ಕೆಸರು ಬಿಟ್ಟಿತ್ತು. ಅದೇ ನಾಕು ಎಲೆ ಹುಡುಕ್ಕೊಂತ ಸೀರೆ ಎತ್ತಿ ಕಟ್ಟಿ ಇಳಿದೆ. ಸಿಕ್ಕಿತು. ಹಳದಿ ಗುಂಡಿಯಂಥಾ ಹೂವು ಬಿಟ್ಟಿತ್ತು. ಒಂದು ಹೂವು ಬಿಡಿಸಿ ನೋಡಿದೆ. ಒಂದೇ ಹೂವು ಅಂತ ಕಂಡಿದ್ದು ಒಂದಲ್ಲ, ಎಣಿಸಾಕೆ ಆಗದಷ್ಟು ಸಣ್ಣ ಹೂವು ಒತ್ತೊತ್ತಾಗಿ ಕೂತಿದ್ವು. ಸೇವಂತಿಗೆ, ಸೂರ್ಯಕಾಂತಿಯೋರ ಮನೇದು. ಹೇಳಾಕೆ ಅಲ್ಲಿ ಯಾರೂ ಇರಲಿಲ್ಲ. ಈ ಸಲ ಕೈಲಿ ಕೀಳಲಿಲ್ಲ, ಕುರುಪಿ ಹಾಕಿ ಬೇರು ಮುರೀದಂಗೆ ಮೂರು ಗಿಡ ಎಬ್ಬಿಸಿದೆ. ಹೊಳೆ ನೀರಾಗೆ ಕೆಸರು ತೊಳೆದು, ಹೂವು ಬಾಡೋದ್ರೊಳಗೆ ಅಲ್ಲೇ ಕಲ್ಲಿನ ಮೇಲೆ ಕೂತು ಪೇಪರಿಗೆ ಹರಡಿದೆ. ಆಮೇಲೆ ಚೌಕಟ್ಟಿನ ಮೇಲೆ ಮಂಡಿ ಊರಿ ಹಗ್ಗ ಬಿಗಿದೆ.